ನೂರಿ ಕಾಯುವ ಮನೆ

ಹೊಸಕೋಟೆ
೨೫ ಫೆಬ್ರವರಿ ೨೦೨೫

ಪ್ರೀತಿಯ ಗಂಗೂ,

ನಿನಗೆ ನನ್ನ ಸಲಾಮು, ನಿಮ್ಮವರಿಗೆ ನಮಸ್ಕಾರ. ನಿನ್ನ ಕಾಗದ ಸಂಕ್ರಾಂತಿಯ ಎಳ್ಳಿನ ಜೊತೆಗೇ ಬಂದಿತ್ತು. ಎಳ್ಳು ಅವತ್ತೇ ಖಾಲಿಯಾಯಿತು, ಕಾಗದಕ್ಕೆ ಉತ್ತರ ಮಾತ್ರ ಇವತ್ತು ಬರೆಯುತ್ತಿದ್ದೇನೆ. ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ಈ ಚಳಿಗಾಲವೆಲ್ಲ ನಾನು ಹೊಸಕೋಟೆಯ ನನ್ನ ಮನೆಯಲ್ಲಿ ಇದ್ದದ್ದಕ್ಕಿಂತ ಬೂದಿಗೆರೆಯ ಮಗಳ ಮನೆಯಲ್ಲಿ ಇದ್ದದ್ದೇ ಹೆಚ್ಚು. ನಿನ್ನ ಮಂಡಿನೋವು ಹೇಗಿದೆ? ಅರಿಶಿನಕುಂಟೆಯಲ್ಲಿ ಹೈವೇ ದಾಟಿ ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದೀಯೋ ಇಲ್ಲವೋ? ಅಮರನನ್ನು ಜೊತೆಗೆ ಕರೆದುಕೊಂಡು ಹೋಗು. ಮಗ ಇರುವುದು ಯಾತಕ್ಕೆ?

ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಮಾಡಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಮಗಳು ರುಕ್ಸಾನಾ ಎದುರಿಗೆ ಕೂತು ನನ್ನ ತುಟಿಗಳನ್ನೇ ನೋಡುತ್ತಾಳೆ. ನಾನು ನಕ್ಕರೆ ತಾನೂ ನಗಲು ಸಿದ್ಧವಾಗಿ ಕಾಯುತ್ತಾಳೆ. ಯಾಕೆ ನಕ್ಕೆ ಎಂದು ಆಮೇಲೆ ಹೇಳಿದರೂ ಆ ನಗು ಅಷ್ಟರಲ್ಲಿ ಹಳಸಿರುತ್ತದೆ. ಅವಳ ಮುಂದೆ ಫೋನ್ ಮುಟ್ಟುವುದಕ್ಕೇ ಮನಸ್ಸು ಬರುವುದಿಲ್ಲ. ಕಾಗದವಾದರೆ ಅವಳೂ ನಾನೂ ಸಮ. ಅಂಚೆಗೆ ಹಾಕುವ ಮೊದಲು ಬೂದಿಗೆರೆಗೆ ಒಯ್ದು ಇದನ್ನು ಅವಳಿಗೂ ಓದಲು ಕೊಡುತ್ತೇನೆ. ಕೊನೆಯ ಪುಟ ಒಂದನ್ನು ಬಿಟ್ಟು.

ಹೋದ ವರ್ಷದ ಮೆದುಳುಜ್ವರದ ವಿಷಯ ನಿನಗೆ ಬರೆದಿದ್ದೆ. ಅವಳ ಮಗು ಇಕ್ರಾ ಆಗ ಇನ್ನೂ ಮಗ್ಗುಲು ಬದಲಿಸಲು ಕಲಿಯುತ್ತಿತ್ತು. ಜ್ವರ ಇಳಿಯಿತು, ರುಕ್ಸಾನಾ ಉಳಿದಳು, ಎರಡೂ ಕಿವಿ ಹೋದವು. ಆಮೇಲೆ ಬೆಂಗಳೂರಿನ ಡಾಕ್ಟರು ಒಳಕಿವಿಯಲ್ಲಿ ಮೂಳೆ ಬೆಳೆದುಬಿಟ್ಟಿದೆ, ಯಂತ್ರ ಕೂರಿಸಿದರೂ ಕೇಳಿಸುತ್ತದೆ ಎಂಬ ಖಾತರಿ ಇಲ್ಲ ಎಂದರು. ಈಗ ಅವಳು ನಮ್ಮ ತುಟಿ ನೋಡಿ ಮಾತು ಹಿಡಿಯುತ್ತಾಳೆ. ನನ್ನದೂ ತನ್ನ ಗಂಡನದೂ ಚೆನ್ನಾಗಿ ಹಿಡಿಯುತ್ತಾಳೆ, ಮೀಸೆ ದಪ್ಪ ಇರುವುದರಿಂದ ಅವಳ ಅಬ್ಬಾನದು ಅರ್ಧ ಮಾತ್ರ. ಅವಳೇನೋ ಮೊದಲಿನ ಹಾಗೇ ಮಾತಾಡುತ್ತಾಳೆ. ಒಮ್ಮೊಮ್ಮೆ ದನಿ ಏರಿಬಿಡುತ್ತದೆ, ಒಮ್ಮೊಮ್ಮೆ ಪಿಸುಮಾತಾಗುತ್ತದೆ, ಅದು ಅವಳಿಗೆ ಗೊತ್ತಾಗುವುದಿಲ್ಲ.

ನಿನ್ನ ಕಾಗದದಲ್ಲಿ ನೀನು ಕೇಳಿದ್ದೆ: "ಊರಾಚೆ ಮನೆ, ಕಿವಿ ಕೇಳದ ಹುಡುಗಿ, ಎಳೇ ಮಗು. ಒಂದು ನಾಯಿ ಸಾಕೋದು ಬಿಟ್ಟು ಬೆಕ್ಕು ಸಾಕಿದ್ದಾಳಂತಲ್ಲ! ಬೆಕ್ಕು ಎಲ್ಲಾದರೂ ಕಾವಲು ಕಾಯುತ್ತದೇನೇ?" ಗಂಗೂ, ಇದೇ ಪ್ರಶ್ನೆಯನ್ನು ಈ ಚಳಿಗಾಲದಲ್ಲಿ ನಮ್ಮ ಮನೆಗೆ ಬಂದವರೆಲ್ಲ ಕೇಳಿದರು. ನಾನೂ ಕೇಳಿದ್ದೆ. ಈಗ ನನ್ನ ಹತ್ತಿರ ಒಂದು ಉತ್ತರ ಇದೆ. ಅದನ್ನು ಬರೆಯುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ನಿಧಾನವಾಗಿ ಹೇಳುತ್ತೇನೆ, ಕೇಳು.

ಅಳಿಯ ಅಜರ್‌ಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಶಿಫ್ಟ್ ಕೆಲಸ. ಮನೆ ಬೂದಿಗೆರೆಯಾಚೆಯ ಹೊಸ ಲೇಔಟಿನಲ್ಲಿದೆ. ಸೈಟುಗಳೇನೋ ಸಾಲಾಗಿವೆ, ಮನೆಗಳು ಅಲ್ಲೊಂದು ಇಲ್ಲೊಂದು, ನಡುವೆಲ್ಲ ಹುಲ್ಲು. ಹಿಂದುಗಡೆ ವೆಂಕಟರಾಮಪ್ಪನವರ ರಾಗಿ ಹೊಲ. ಅವರೇ ಹಾಲು ತಂದುಕೊಡುವುದು. ಬಾಯಿ ತುಂಬ ಮಾತು, ಒಳ್ಳೆಯ ಮನುಷ್ಯ. ಮೊದಲ ದಿನವೇ ನನ್ನನ್ನು ನಿಲ್ಲಿಸಿ, "ಟೀಚರಮ್ಮ, ನಮ್ ನಾಯಿ ಮರಿ ಹಾಕೈತೆ, ಒಂದ್ ಕೊಡ್ತೀನಿ ಮಡಿಕ್ಕಳಿ. ಗೇಟ್ ತಾವ ಕಟ್ಟಾಕಿದ್ರೆ ನರಪಿಳ್ಳೆ ಬರಲ್ಲ," ಎಂದರು.

ನಮ್ಮವರಲ್ಲಿ ಮನೆಯೊಳಗೆ ನಾಯಿ ಇಡುವುದಿಲ್ಲ, ನಿನಗೆ ಗೊತ್ತು. ಗೇಟಿನ ಹೊರಗಾದರೂ ಇರಲಿ ಎಂದು ಅಜರ್ ಒಪ್ಪಿದ್ದ. ಒಪ್ಪದವಳು ರುಕ್ಸಾನಾ. ಅವಳು ಹೇಳಿದ್ದನ್ನು ನಮ್ಮ ಮನೆಮಾತಿನಿಂದ ನಿನಗಾಗಿ ಕನ್ನಡಕ್ಕೆ ಇಳಿಸುತ್ತೇನೆ: "ನಾಯಿ ಬೊಗಳಿದ್ರೆ ಊರಿಗೆಲ್ಲ ಕೇಳ್ಸುತ್ತೆ ಅಮ್ಮೀ, ನನಗೊಬ್ಬಳಿಗೆ ಬಿಟ್ಟು." ಹೇಳಿ ನಕ್ಕಳು. ನಾವು ಯಾರೂ ನಗಲಿಲ್ಲ.

ಬೆಕ್ಕು ಯಾರೂ ತಂದದ್ದಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುವವರು ಸುರಿದ ಮರಳಿನ ಗುಡ್ಡೆಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ಬೂದು ಮೈ, ಮೇಲೆ ಕಪ್ಪು ಪಟ್ಟೆ. ಒಂದು ದಿನ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು, ಮೀನಿನ ತಲೆ ತಿಂದು, ರುಕ್ಸಾನಾಳ ದುಪಟ್ಟಾದ ಮೇಲೆ ಮಲಗಿತು. ಅಷ್ಟೇ, ಮನೆ ಅದರದಾಯಿತು. ನೂರಿ ಎಂದು ಹೆಸರಿಟ್ಟಳು. ಅಂದಿನಿಂದ ಅವಳೇ ಆ ಮನೆಯ ಎರಡನೇ ಮಗಳು. ವೆಂಕಟರಾಮಪ್ಪನವರಿಗೆ ಇದು ಹಿಡಿಸಲಿಲ್ಲ. "ಬೆಕ್ಕು ಏನ್ ಕಾವ್ಲು ಕಾಯ್ತದೆ ಟೀಚರಮ್ಮ? ಅದು ಕಾಯಾದು ಅದರ ಹೊಟ್ಟೆನ," ಎಂದರು. ನನಗೂ ಅದು ಸರಿ ಅನ್ನಿಸಿತು.

ಇಲ್ಲಿ ನಮ್ಮ ಬೀಗಿತ್ತಿಯ ವಿಷಯ ಹೇಳಬೇಕು. ಅಜರ್‌ನ ತಾಯಿ ದೊಡ್ಡಬಳ್ಳಾಪುರದವರು. ಹುಟ್ಟಿದ್ದು, ಮದುವೆಯಾಗಿ ಸೇರಿದ್ದು, ಎರಡೂ ಮಗ್ಗದ ಮನೆಗಳೇ. ಪವರ್‌ಲೂಮಿನ ಸದ್ದಿನ ನಡುವೆ ಬಾಳಿ ಅವರಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಡಿಸೆಂಬರಿನಲ್ಲಿ ಬಂದಿದ್ದಾಗ ಇಕ್ರಾ ಕೋಣೆಯ ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಸಿಕೊಂಡು ಚೀರುತ್ತಿದ್ದಳಂತೆ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ರೊಟ್ಟಿ ಲಟ್ಟಿಸುತ್ತಿದ್ದ ರುಕ್ಸಾನಾಗೆ ಏನೂ ಗೊತ್ತಿಲ್ಲ. ಮಗುವನ್ನು ಬಿಡಿಸಿದವರು ಅವರೇ. ಆ ಬೆರಳಿನ ನೀಲಿ ನೋಡಿದ ಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲವಂತೆ. "ಟೀಚರ್, ಕೋಪ ಮಾಡ್ಕೋಬೇಡಿ," ಎಂದು ನಾವು ಅಲ್ಲಿಗೆ ಹೋದಾಗ ನನಗೆ ಹೇಳಿದರು, "ರಂಜಾನ್ ಶುರುವಾಗೋಕೆ ಮುಂಚೆ ಮಗೂನ ನಾನು ಕರ್ಕೊಂಡೋಗ್ತೀನಿ. ಸ್ಕೂಲಿಗೆ ಹೋಗೋ ವಯಸ್ಸಾಗೋವರ್ಗೂ ನನ್ನ ಹತ್ರ ಇರ್ಲಿ. ಸೊಸೆ ಮೇಲೆ ನನಗೇನೂ ಇಲ್ಲ. ಆದ್ರೆ ಮಗು ಕೂಗಿದ್ರೆ ಕೇಳೋರು ಬೇಕಲ್ಲ?"

ಗಂಗೂ, ಅವರದು ತಪ್ಪಲ್ಲ, ಭಯ. ಅಜರ್ ತಲೆ ತಗ್ಗಿಸಿದ. ನನ್ನ ಯಜಮಾನರು ಸರ್ದಾರ್ ಪಾಷಾ, ಯಾವುದಕ್ಕೂ ಮಾತಿಗೆ ಕಡಿಮೆಯಿಲ್ಲದವರು, ಅವತ್ತು ಮೀಸೆ ನೀವಿಕೊಂಡು ಹೊರಗೆ ಹೋದರು. ರುಕ್ಸಾನಾ ಎಲ್ಲರ ತುಟಿಗಳನ್ನೂ ಒಂದೊಂದಾಗಿ ನೋಡಿ, ಅರ್ಥ ಮಾಡಿಕೊಂಡು, ಇಕ್ರಾಳನ್ನು ಸೊಂಟಕ್ಕೇರಿಸಿ ಕೋಣೆಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳಿಗೆ ಜೊತೆಯಾಗಲೆಂದು ನಾನು ಹೋಗಿ ಉಳಿದೆ. ಆಗ ಕಂಡದ್ದು ಇದು.

ಮಗಳು ಏನು ಮಾಡುತ್ತಿದ್ದರೂ ಮಧ್ಯೆ ಮಧ್ಯೆ ಕಣ್ಣೆತ್ತಿ ಬೆಕ್ಕನ್ನು ನೋಡುತ್ತಾಳೆ. ನಾವು ಗಡಿಯಾರ ನೋಡುತ್ತೇವಲ್ಲ, ಹಾಗೆ. ಸೊಪ್ಪು ಬಿಡಿಸುತ್ತಾ ಒಮ್ಮೆ, ಬಟ್ಟೆ ಮಡಿಸುತ್ತಾ ಒಮ್ಮೆ. ಮುದ್ದಿಗೆ ನೋಡುತ್ತಾಳೆ ಎಂದುಕೊಂಡಿದ್ದೆ. ಒಂದು ದಿನ ಅವಳು ಇದ್ದಕ್ಕಿದ್ದ ಹಾಗೆ ಎದ್ದು ಬಾಗಿಲು ತೆಗೆದಳು. ನೋಡಿದರೆ ವೆಂಕಟರಾಮಪ್ಪನವರು ಹಾಲಿನ ಕ್ಯಾನು ಹಿಡಿದು ಆಗಷ್ಟೇ ಗೇಟಿನ ಚಿಲಕಕ್ಕೆ ಕೈ ಹಾಕುತ್ತಿದ್ದರು. ಕಿವಿ ಚೆನ್ನಾಗಿರುವ ನನಗೇ ಅವರು ಬಂದದ್ದು ಗೊತ್ತಾಗಿರಲಿಲ್ಲ. "ನಿನಗೆ ಹೇಗೆ ಗೊತ್ತಾಯ್ತು?" ಎಂದೆ. "ನೂರಿ ಹೇಳಿದ್ಳು," ಎಂದಳು, ಅದರಲ್ಲೇನು ವಿಶೇಷ ಎನ್ನುವ ಹಾಗೆ.

ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂತೆ. ಹಾಲಿನವರು ಬಂದರೆ ನೂರಿ ಬಾಲ ನೆಟ್ಟಗೆ ಮಾಡಿ ಬಾಗಿಲಿಗೆ ಹೋಗುತ್ತಾಳೆ. ಅಜರ್‌ನ ಬೈಕು ದೂರದ ತಿರುವಿನಲ್ಲಿರುವಾಗಲೇ ಒಂದು ಕಿವಿ ಆ ಕಡೆ ತಿರುಗುತ್ತದೆ, ಆದರೆ ಏಳುವುದಿಲ್ಲ, ಅವನ ಮೇಲೆ ಅವಳಿಗೆ ಅಷ್ಟೇ ಮರ್ಯಾದೆ. ಗುರುತಿಲ್ಲದವರು ಬಂದರೆ ಮೈಯನ್ನು ನೆಲಕ್ಕಂಟಿಸಿ, ಎರಡೂ ಕಿವಿಗಳನ್ನು ಮುಂದಕ್ಕೆ ಚಾಚಿ, ಕಲ್ಲಿನ ಹಾಗೆ ಕೂರುತ್ತಾಳೆ. ಇಕ್ರಾ ಅತ್ತರೆ ಅವಳಿಗೆ ಆಗದು. ಕಿವಿ ಹಿಂದಕ್ಕೆ ಮಡಚಿಕೊಂಡು, ಸಿಟ್ಟು ಬಂದ ಅತ್ತೆಯ ಹಾಗೆ ಆ ಕೋಣೆಯಿಂದ ಎದ್ದು ಬರುತ್ತಾಳೆ. ಅವಳು ಹಾಗೆ ಬಂದ ಕೂಡಲೇ ರುಕ್ಸಾನಾ ಮಗುವಿನ ಹತ್ತಿರ ಓಡುತ್ತಾಳೆ. ತಲೆಯ ಮೇಲೆಯೇ ವಿಮಾನ ಹೋದರೆ ಮಾತ್ರ ನೂರಿ ಕ್ಯಾರೇ ಅನ್ನುವುದಿಲ್ಲ. ಮನೆಗೆ ಸಂಬಂಧಪಟ್ಟ ಸದ್ದು ಯಾವುದು, ಅಲ್ಲದ್ದು ಯಾವುದು ಎಂದು ಅವಳೇ ಬೇರೆ ಮಾಡಿಟ್ಟಿದ್ದಾಳೆ.

ನಾನು ಪೂರ್ತಿ ನಂಬಲಿಲ್ಲ. ಟೀಚರ್ ಬುದ್ಧಿ, ಪರೀಕ್ಷೆ ಮಾಡದೆ ಅಂಕ ಕೊಡುವುದಿಲ್ಲ. ಒಂದು ಮಧ್ಯಾಹ್ನ ಸದ್ದಿಲ್ಲದೆ ಬಚ್ಚಲಿಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು, ಪ್ಲಾಸ್ಟಿಕ್ ಮಗ್ಗಿನ ಮೇಲೆ ಉಗುರಿನಿಂದ ಮೆಲ್ಲಗೆ ಕುಟ್ಟಿದೆ. ನಡುಮನೆಯಲ್ಲಿ ಕೂತಿದ್ದ ಮಗಳು ನನ್ನನ್ನು ನೋಡುವಂತಿರಲಿಲ್ಲ. ಬಾಗಿಲ ಸಂದಿಯಿಂದ ನನಗೆ ಕಂಡದ್ದು ಇಷ್ಟು: ಬೆಕ್ಕಿನ ಎಡಗಿವಿ ಒಂದೇ ಒಂದು ಎಲೆ ಗಾಳಿಗೆ ತಿರುಗಿದ ಹಾಗೆ ತಿರುಗಿತು. ರುಕ್ಸಾನಾ ಆ ಕಿವಿಯನ್ನು ನೋಡಿದಳು, ಅದರ ತುದಿ ತೋರಿಸಿದ ದಿಕ್ಕನ್ನು ನೋಡಿದಳು, ಆಮೇಲೆ ನೇರವಾಗಿ ನಾನು ನಿಂತ ಬಾಗಿಲನ್ನೇ ನೋಡಿ, "ಅಮ್ಮೀ, ಬಚ್ಚಲಲ್ಲಿ ಏನ್ ಹುಡುಕ್ತಾ ಇದೀಯ?" ಎಂದಳು.

ಗಂಗೂ, ನಾನು ಅಲ್ಲೇ ನಿಂತುಬಿಟ್ಟೆ. ಪವಾಡ ಎಂದು ಜನ ಯಾವ ಯಾವುದಕ್ಕೋ ಹೇಳುತ್ತಾರೆ. ನನ್ನ ಮಗಳು ಕಣ್ಣಿನಿಂದ ಕೇಳಿಸಿಕೊಂಡಿದ್ದಳು. ಅವಳಿಗೆ ಕಿವಿಯಾದದ್ದು ಮರಳಿನ ಗುಡ್ಡೆಯಿಂದ ಎದ್ದು ಬಂದ ಒಂದು ಪ್ರಾಣಿ. ಯಾರು ಕಲಿಸಿದರು ಇವರಿಬ್ಬರಿಗೂ?

ಇದನ್ನು ಬೀಗಿತ್ತಿಗೆ ಹೇಳಿದೆ. ಅವರು ನಂಬಲಿಲ್ಲ. "ಬೆಕ್ಕಿನ ಕಿವಿ ನಂಬ್ಕೊಂಡು ಮಗೂನ ಬಿಡೋಕಾಗುತ್ತಾ ಟೀಚರ್? ಬೆಕ್ಕು ನಿದ್ದೆ ಮಾಡಿದ್ರೆ? ಬೇಲಿ ಹಾರಿ ಹೋದ್ರೆ?" ಎಂದರು. ಅದೂ ನ್ಯಾಯವೇ. ಹೋದ ವಾರ ಮಗುವನ್ನು ಕರೆದುಕೊಂಡು ಹೋಗುವುದಕ್ಕೆಂದೇ ಬಂದರು. ಇಕ್ರಾಳ ಬಟ್ಟೆಗಳನ್ನು ರುಕ್ಸಾನಾ ತಾನೇ ಮಡಿಸಿ ಚೀಲಕ್ಕೆ ತುಂಬಿದಳು. ಆ ಚೀಲ ನಡುಮನೆಯ ಮೂಲೆಯಲ್ಲಿ ಕೂತಿತ್ತು.

ಅವತ್ತು ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ಅಂಗಳದ ಪಕ್ಕದ ಓಣಿಯಲ್ಲಿ ನೆಲದೊಳಗಿನ ಸಂಪು ಇದೆ, ಅದಕ್ಕೆ ಕಬ್ಬಿಣದ ಮುಚ್ಚಳ. ಟ್ಯಾಂಕರಿನ ಆರ್ಭಟಕ್ಕೆ ನೂರಿ ಯಾವಾಗಲೂ ಬೀರುವಿನ ಮೇಲೆ ಹತ್ತಿ ಕೂರುತ್ತಾಳೆ. ಟ್ಯಾಂಕರ್ ಹೋಯಿತು, ಅವಳು ಇಳಿದು ಓಣಿಯ ಕಡೆಯ ಕಿಟಕಿಯಲ್ಲಿ ಕೂತಳು. ಪೈಪು ತೆಗೆದವರು ಮುಚ್ಚಳ ಮುಚ್ಚದೆ ಹೋದದ್ದು ಯಾರಿಗೂ ಗೊತ್ತಿಲ್ಲ.

ಇಕ್ರಾ ನಡುಮನೆಯ ಚಾಪೆಯ ಮೇಲೆ ಚಮಚಗಳನ್ನು ಹರಡಿಕೊಂಡು ಆಡುತ್ತಿದ್ದಳು. ರುಕ್ಸಾನಾ ಅಲ್ಲೇ ಕೂತು, ಮಗುವಿನ ಜೊತೆ ಕಳಿಸಲಿದ್ದ ಒಂದು ಫ್ರಾಕಿಗೆ ಗುಂಡಿ ಹೊಲಿಯುತ್ತಿದ್ದಳು. ನಾನೂ ಬೀಗಿತ್ತಿಯೂ ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಾ ಜಗಳಕ್ಕೆ ಬಿದ್ದಿದ್ದೆವು. ಹೌದು, ಜಗಳವೇ. "ತಾಯಿಂದ ಮಗೂನ ಬೇರೆ ಮಾಡೋದು ಯಾವ ನ್ಯಾಯ ಆಪಾ?" ಎಂದು ನಾನು. "ನಾಳೆ ಏನಾದ್ರೂ ಆದ್ರೆ ನೀವು ಜವಾಬ್ದಾರಿನಾ?" ಎಂದು ಅವರು. ಅವರ ಮಗ್ಗದ ದನಿಗೆ ನನ್ನ ಸ್ಕೂಲಿನ ದನಿ ಸೇರಿ ಪಾತ್ರೆಗಳೇ ಅದುರುತ್ತಿದ್ದವು. ಮಗುವಿನ ಕ್ಷೇಮದ ಬಗ್ಗೆಯೇ ನಾವು ಅಷ್ಟು ಗಟ್ಟಿಯಾಗಿ ಕಿತ್ತಾಡುತ್ತಿದ್ದೆವು.

ಇದ್ದಕ್ಕಿದ್ದ ಹಾಗೆ ನಡುಮನೆಯಿಂದ ರುಕ್ಸಾನಾ ಮುಂಬಾಗಿಲ ಕಡೆ ಓಡಿದ್ದು ಕಂಡಿತು. ಹೊಲಿಗೆ ನೆಲದ ಮೇಲೆ, ಚಾಪೆ ಖಾಲಿ. ನಾವಿಬ್ಬರೂ ಅವಳ ಹಿಂದೆ ಓಡಿದೆವು. ಓಣಿಗೆ ತಿರುಗಿದರೆ, ಇಕ್ರಾ ತೆರೆದ ಸಂಪಿನ ಅಂಚಿನಲ್ಲಿ ಬೋರಲಾಗಿ ಮಲಗಿ, ತಲೆ ಒಳಗೆ ಇಳಿಬಿಟ್ಟು, ಕೊನೆಯ ಚಮಚ ಹಿಡಿದ ಕೈಯನ್ನು ನೀರಿನ ಕಡೆ ಚಾಚುತ್ತಿದ್ದಳು. ರುಕ್ಸಾನಾ ಅವಳ ಕಾಲು ಹಿಡಿದು ಎಳೆದುಕೊಂಡಳು. ಚಮಚ ಬಿತ್ತು. ಆ ಬಾವಿಯಂಥ ಕತ್ತಲಲ್ಲಿ 'ಡುಬುಕ್' ಎಂದದ್ದು ನನಗೆ ಆಗ ಕೇಳಿಸಿತು. ಅದಕ್ಕಿಂತ ಮೊದಲು ಬಿದ್ದ ಒಂದು ಚಮಚದ ಸದ್ದೂ ನನಗೆ ಕೇಳಿಸಿರಲಿಲ್ಲ. ಬೀಗಿತ್ತಿಗೂ ಕೇಳಿಸಿರಲಿಲ್ಲ.

ರುಕ್ಸಾನಾ ಮಗುವನ್ನು ಎದೆಗೊತ್ತಿಕೊಂಡು ಗೋಡೆಗೊರಗಿ ಕೂತಳು. ಉಸಿರು ಸರಿಹೋದ ಮೇಲೆ ಹೇಳಿದಳು. ಗುಂಡಿಯ ದಾರ ಕಡಿಯುವಾಗ ಎಂದಿನಂತೆ ಕಿಟಕಿಯ ಕಡೆ ನೋಡಿದಳಂತೆ. ನೂರಿ ಎದ್ದು ನಿಂತು, ಕುತ್ತಿಗೆ ಕಂಬಿಯಾಚೆ ಹಾಕಿ, ಎರಡೂ ಕಿವಿಗಳನ್ನು ಕೆಳಕ್ಕೆ ಚಾಚಿದ್ದಳು. ಮತ್ತೆ ಮತ್ತೆ ಅವು ಅದುರುತ್ತಿದ್ದವು. "ಟ್ಯಾಂಕರ್ ಹೋಗಿಯಾಯ್ತು, ಓಣಿಯಲ್ಲಿ ಇನ್ಯಾವ ಸದ್ದು ಅಂದ್ಕೊಂಡೆ. ಚಾಪೆ ನೋಡ್ದೆ. ಮಗು ಇರಲಿಲ್ಲ," ಎಂದಳು. ಅವಳ ದನಿ ಪಿಸುಗುಟ್ಟುವಷ್ಟು ಇಳಿದಿತ್ತು. ಕೇಳಲು ನಾವು ಬಗ್ಗಬೇಕಾಯಿತು.

ಬೀಗಿತ್ತಿ ಸಂಪಿನ ಮುಚ್ಚಳವನ್ನು ಎಳೆದು ಮುಚ್ಚಿದರು. ಆಮೇಲೆ ನನ್ನನ್ನು ನೋಡಿ, "ಟೀಚರ್, ಕಿವಿ ಇದ್ದೋರು ನಾವಿಬ್ರು ಒಳಗಡೆ ಇದ್ವಿ," ಎಂದರು.

ಮುಂದೆ ಅವರು ಮಾಡಿದ್ದನ್ನು ನಾನು ಎಣಿಸಿರಲೇ ಇಲ್ಲ. ಸೊಸೆಯ ಎದುರಿಗೆ ಹೋಗಿ ಕೂತು, ಒಂದಿಷ್ಟೂ ದನಿ ಮಾಡದೆ, ತುಟಿಗಳನ್ನು ಅಗಲಿಸಿ, ಕೈಗಳನ್ನು ಆಡಿಸುತ್ತಾ ಏನೋ ಹೇಳತೊಡಗಿದರು. ಮೊದಲು ರುಕ್ಸಾನಾ ಬೆಪ್ಪಾದಳು. ಆಮೇಲೆ ಅವಳ ಕಣ್ಣು ಅರಳಿದವು. ಅತ್ತೆಯ ಮಾತು ಅವಳಿಗೆ ಅಷ್ಟು ಸಲೀಸಾಗಿ ಎಂದೂ ತಿಳಿದಿರಲಿಲ್ಲ. ಬೀಗಿತ್ತಿ ನನ್ನ ಕಡೆ ತಿರುಗಿ ಹೇಳಿದರು: "ಮಗ್ಗ ಓಡೋವಾಗ ನಾವೆಲ್ಲ ಹಿಂಗೇ ಮಾತಾಡೋದು ಟೀಚರ್. ಅಲ್ಲಿ ನಾವೂ ಕಿವುಡ್ರೇ. ಇವಳ ಹತ್ರ ಹಿಂಗೆ ಮಾತಾಡ್ಬೋದು ಅಂತ ನನಗೆ ಇಷ್ಟು ದಿನ ಹೊಳೀಲೇ ಇಲ್ಲ ನೋಡಿ." ಅತ್ತೆ ಸೊಸೆ ಇಬ್ಬರೂ ಅವತ್ತು ಸಂಜೆಯವರೆಗೂ ಸದ್ದಿಲ್ಲದೆ ಹರಟಿದರು. ನಾನೇ ಹೊರಗಿನವಳಾದೆ. ಯಾಕೆ ನಕ್ಕರೋ ನನಗೆ ತಿಳಿಯಲಿಲ್ಲ!

ಹೊರಡುವಾಗ ಅವರು ಚೀಲದಿಂದ ಮಗುವಿನ ಬಟ್ಟೆ ತೆಗೆದು ತಾವೇ ಬೀರುವಿನಲ್ಲಿಟ್ಟರು. "ಮಗು ಇಲ್ಲೇ ಇರ್ಲಿ. ನಾನೇ ಬಂದು ಹೋಗ್ತಿರ್ತೀನಿ," ಎಂದರು. ಕಿಟಕಿಯಲ್ಲಿದ್ದ ನೂರಿಯನ್ನು ಮುಟ್ಟಲು ಹೋದರು. ಅವಳು ಎದ್ದು ಆಚೆ ಹೋದಳು. ಅಜರ್ ಮರುದಿನವೇ ಸಂಪಿನ ಮುಚ್ಚಳಕ್ಕೆ ಬೀಗ ಹಾಕುವ ಪಟ್ಟಿ ವೆಲ್ಡ್ ಮಾಡಿಸಿದ, ಮುಂಬಾಗಿಲಿಗೆ ಮಗುವಿನ ಕೈಗೆ ಎಟುಕದ ಕೊಂಡಿ ಹಾಕಿಸಿದ. ರುಕ್ಸಾನಾ ಕೂಡ ಬೆಕ್ಕಿನ ಮೇಲೆ ಎಲ್ಲ ಭಾರ ಹೊರಿಸಿಲ್ಲ. ನೂರಿ ಹೊರಗೆ ತಿರುಗಲು ಹೋದಾಗ ಇಕ್ರಾಳನ್ನು ಕಣ್ಣಳತೆಯಿಂದ ಬಿಡುವುದಿಲ್ಲ.

ವಿಷಯ ತಿಳಿದ ವೆಂಕಟರಾಮಪ್ಪನವರು ಹಾಲಿನ ಕ್ಯಾನು ಕೆಳಗಿಟ್ಟು, ಕಿಟಕಿಯ ಮುಂದೆ ನಿಂತು, ಟವೆಲು ಹೆಗಲಿಂದ ತೆಗೆದರು. "ಏನ್ ತಾಯಿ ನೀನು! ನಾನ್ ಏನೋ ಅಂದ್ಕೊಂಡಿದ್ದೆ," ಎಂದು ಬೆಕ್ಕಿಗೆ ಹೇಳಿದರು. ಈಗ ದಿನಾ ಗೋಡೆಯ ಹಿಂದೆ ನಿಂತು ಬೆರಳು ಚಿಟಿಕೆ ಹೊಡೆಯುವುದು, ನೂರಿಯ ಕಿವಿ ತಿರುಗುವುದನ್ನು ಇಣುಕಿ ನೋಡುವುದು, ಇದೇ ಅವರ ಕೆಲಸ. ನೆಂಟರು ಬಂದರೆ ಕರೆದುಕೊಂಡು ಬಂದು ತೋರಿಸುತ್ತಾರೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಬೆಕ್ಕು ಕಳ್ಳನ ಮೇಲೆ ಹಾರುವುದಿಲ್ಲ, ಕೂಗಿ ಯಾರನ್ನೂ ಎಬ್ಬಿಸುವುದಿಲ್ಲ. ತಾನು ಯಾರನ್ನೋ ಕಾಯುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತಿದೆಯೋ ಇಲ್ಲವೋ. ಇದನ್ನೇ ನಾನು ನಮ್ಮವರಿಗೆ ಹೇಳಿದರೆ, "ಮಿನಾರಿನ ದೀಪಕ್ಕೆ ಗೊತ್ತಾ, ಯಾರಿಗೆ ದಾರಿ ತೋರಿಸ್ತಾ ಇದೀನಿ ಅಂತ?" ಎಂದರು. ನನಗೆ ಅಷ್ಟು ದೊಡ್ಡ ಮಾತು ಬರುವುದಿಲ್ಲ. ಸುಮ್ಮನೆ ಕೂತು ಆ ಎರಡು ಪುಟ್ಟ ಕಿವಿಗಳನ್ನು ನೋಡುತ್ತೇನೆ. ಬೆಳಕು ಬಿದ್ದರೆ ಒಳಗಿನ ಕೆಂಪು ನರಗಳೂ ಕಾಣುತ್ತವೆ. ಸೃಷ್ಟಿ ಮಾಡಿದವನು ಒಂದು ಕಡೆ ಕಿತ್ತುಕೊಂಡದ್ದನ್ನು ಎಂಥ ಜಾಗದಲ್ಲಿ ಇಟ್ಟಿರುತ್ತಾನೆ ಎಂದು ಯೋಚಿಸುತ್ತಾ ಅಲ್ಲೇ ನಮಾಜಿನ ಹೊತ್ತು ಮೀರುತ್ತದೆ.

ರಂಜಾನ್ ಹತ್ತಿರ ಬಂತು. ಹಬ್ಬಕ್ಕೆ ನೀನೂ ಅಮರನೂ ಬರಲೇಬೇಕು. ನಿನಗೆಂದು ಬೇರೆ ಪಾತ್ರೆಯಲ್ಲಿ ಶ್ಯಾವಿಗೆ ಮಾಡಿಸುತ್ತೇನೆ. ನಿನ್ನ ಮಂಡಿ ಗಟ್ಟಿಯಾಗಲಿ, ಅಮರನ ಮನೆ ತುಂಬಲಿ, ನಿನ್ನ ಮನೆಯ ದೀಪ ತಣ್ಣಗೆ ಉರಿಯುತ್ತಿರಲಿ ಎಂದು ಬೇಡಿಕೊಳ್ಳುತ್ತೇನೆ.

ನಿನ್ನ
ಶರೀಫುನ್ನೀಸಾ

ಮ. ವಿ.: ಈ ಪುಟವನ್ನು ರುಕ್ಸಾನಾಗೆ ತೋರಿಸುವುದಿಲ್ಲ. ಮೊನ್ನೆ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ನನ್ನ ಕಡೆ ತಿರುಗಿ, "ಅಮ್ಮೀ, ಅಬ್ಬಾನ ದನಿ ನನಗೆ ನೆನಪಿದೆ. ಅಜರ್‌ದೂ ನೆನಪಿದೆ. ನಿನ್ನದು ಮಾತ್ರ ಎಷ್ಟು ಹುಡುಕಿದ್ರೂ ಸಿಕ್ತಾ ಇಲ್ಲ. ಎಲ್ಲಿಟ್ಟೆ ಅಂತ ಗೊತ್ತಾಗ್ತಿಲ್ಲ," ಎಂದಳು. ಹುಟ್ಟಿದಾಗಿನಿಂದ ಹಗಲೂ ರಾತ್ರಿ ಕೇಳಿದ ದನಿ. ನನ್ನ ಗಂಟಲಿನ ಮೇಲೆ ಅಂಗೈ ಇಟ್ಟು, "ಏನಾದ್ರೂ ಹೇಳು," ಎಂದಳು. ನನಗೆ ಏನೂ ಹೊಳೆಯಲಿಲ್ಲ ಗಂಗೂ. ಅ ಆ ಇ ಈ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಡುವೆ ಅತ್ತರೆ ಕೈಗೆ ತಿಳಿದುಬಿಡುತ್ತದಲ್ಲ ಎಂದು ಗಟ್ಟಿಯಾಗಿ ಕ್ಷ ಜ್ಞ ತನಕ ಹೇಳಿ ಮುಗಿಸಿದೆ. ಸಿಕ್ಕಿತೋ ಇಲ್ಲವೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಟೀಚರ್ ಟ್ರೈನಿಂಗಿನಲ್ಲಿ ಪ್ರಾರ್ಥನೆ ಹೇಳುವಾಗ ನೀನು ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಹಬ್ಬಕ್ಕೆ ಬಂದಾಗ ನನ್ನ ದನಿ ಹೇಗಿದೆ ಎಂದು ಅವಳಿಗೆ ಬರೆದು ತೋರಿಸುತ್ತೀಯಾ? ನನ್ನ ದನಿ ಹೊರಗಿನವರಿಗೆ ಹೇಗೆ ಕೇಳಿಸುತ್ತದೋ ನನಗೆ ಗೊತ್ತಿಲ್ಲ.